ಭಾವಿ ಐತ್ರಿ

ಕಪ್ಪತಗುಡ್ಡದ ಬುಡದಲ್ಲಿ, ಶಿರಹಟ್ಟಿಗೂ ಮುಂಡರಗಿಗೂ ನಡುವೆ ಎಲ್ಲೋ ಒಂದು ಕಡೆ, ಕಂಪನಿ ಸಾಲು ಅಂತ ಒಂದು ವಸತಿ ಇದೆ. ಎಲ್ಲೋ ಅಂತ ಬೇಕೆಂದೇ ಬರೆದಿದ್ದೇನೆ. ಸರಿಯಾದ ಜಾಗ ಯಾರಿಗೂ ಹೇಳಬೇಡ ಅಂದವಳು ತಿಪ್ಪವ್ವ, ನನ್ನ ಅಜ್ಜನ ತಂಗಿ. ಆಕೆಯ ಮಾತು ಮೀರುವ ಧೈರ್ಯ ಆಕೆ ಬದುಕಿದ್ದಾಗಲೂ ನನಗಿರಲಿಲ್ಲ, ಈಗಲೂ ಇಲ್ಲ.

ಇದು ಆಕೆಯ ಗಂಡ ಹುಚ್ಚೀರಪ್ಪನ ಸಂಗತಿ. ದೊಡ್ಡ ಮನುಷ್ಯನೇನಲ್ಲ. ಅವನ ಹೆಸರಿನಲ್ಲಿ ಒಂದು ಓಣಿಯೂ ಇಲ್ಲ, ಗೋಡೆಯ ಮೇಲೆ ಅವನದೊಂದು ಫೋಟೋ ಕೂಡ ಇಲ್ಲ. ಬದುಕಿನ ಬಹುಪಾಲು ಅವನು ಮಾಡಿದ್ದು ಒಂದೇ ಕೆಲಸ, ಕಾಯುವುದು. ಅದೂ ದಣಿವಿನ ಕೆಲಸವೇ ಅಂತ ಗೊತ್ತಾಗಬೇಕಾದರೆ ಅವನ ಮುಖ ನೋಡಿರಬೇಕಿತ್ತು.

ಅವನ ಹುಟ್ಟೂರು ಶಿಗ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಗುಡ್ಡಕ್ಕೆ ಬಂದ. ಬಿಳಿಯರ ಕಂಪನಿಯೊಂದು ಬಂಗಾರ ತೆಗೆಯುತ್ತೇವೆ ಅಂತ ಗುಡ್ಡಕ್ಕೆ ತೂತು ಹೊಡೆಯುತ್ತಿದ್ದ ಕಾಲ ಅದು. ಕೋಲಾರದ ಕಡೆಯಿಂದ ತಮಿಳರು ಬಂದಿದ್ದರು, ಬಳ್ಳಾರಿ ಕಡೆಯಿಂದ ತೆಲುಗರು. ಲಕ್ಷ್ಮೇಶ್ವರ, ಶಿರಹಟ್ಟಿ ಸುತ್ತಿನ ನಮ್ಮ ಜನ ಬುತ್ತಿ ಕಟ್ಟಿಕೊಂಡು ಬಂದರು. ಕರಡಿ, ಚಿರತೆ ಬಿಟ್ಟರೆ ಯಾರೂ ಇರದಿದ್ದ ಜಾಗದಲ್ಲಿ ಕಂಪನಿ ಕಲ್ಲಿನ ಗೋಡೆ, ತಗಡಿನ ಮಾಡಿನ ಒಂದು ಉದ್ದನೆಯ ಸಾಲು ಮನೆ ಕಟ್ಟಿಸಿತು. ಊರಿನ ಹೆಸರು ಬಂದದ್ದು ಹಾಗೆ.

ಅದು ಯಾರಿಗೂ ಪೂರ್ತಿ ಸೇರದ ಸೀಮೆ. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಗದಗ ಮುಂಡರಗಿ ಇಂಗ್ಲಿಷರದ್ದು. ಮುಂಡರಗಿ ದಾಟಿ ಸ್ವಲ್ಪ ನಡೆದರೆ ನಿಜಾಮನ ಹದ್ದು, ಹೊಳೆ ದಾಟಿದರೆ ಮದ್ರಾಸ್ ಇಲಾಖೆ. ಒಂದು ಎಮ್ಮೆ ತಪ್ಪಿಸಿಕೊಂಡರೆ ಹುಡುಕುವವನು ಮೂರು ಸರಕಾರಗಳ ಸಿಪಾಯಿಗಳಿಗೆ ಕೈಮುಗಿದು ಬರಬೇಕಿತ್ತು. ಇಂಥ ಕಡೆ ರಸ್ತೆ, ನೀರು, ಶಾಲೆ ಯಾರ ಹೊಣೆ? ಎಲ್ಲರೂ ಪಕ್ಕದವರ ಕಡೆ ಕೈ ತೋರಿಸಿ ಸುಮ್ಮನಾದರು.

ಕಂಪನಿ ಸಾಲಿನವರ ಮಾತಿನಲ್ಲಿ ಒಂದು ಶಬ್ದ ಮಾತ್ರ ಬೇರೆಯಾಗಿತ್ತು. ನೆಲದೊಳಗೆ ನೇರ ಇಳಿದ ಗಣಿಯ ಬಾಯಿಗೆ ಅವರು ಭಾವಿ ಅನ್ನುತ್ತಿದ್ದರು. ನೋಡಲಿಕ್ಕೂ ಅದು ಭಾವಿಯಂತೆಯೇ ಇತ್ತು, ಸುತ್ತ ಕಲ್ಲಿನ ಕಟ್ಟೆ, ಮೇಲೆ ದೊಡ್ಡ ರಾಟಿ. ಕೆಲಸಕ್ಕೆ ಹೋದ ಅನ್ನಲಿಕ್ಕೆ ‘ಭಾವಿಗೆ ಹೋದ’, ಕೆಲಸ ಬಿಟ್ಟ ಅನ್ನಲಿಕ್ಕೆ ‘ಭಾವಿ ಬಿಟ್ಟ’. ಕುಡಿಯುವ ನೀರಿಗೆ ಅಲ್ಲಿ ಭಾವಿಯೇ ಇರಲಿಲ್ಲ. ಇಳಿಜಾರಿನ ಕೆಳಗೆ ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ, ಜಿನುಗಿದ ನೀರನ್ನು ಚಿಪ್ಪಿನಿಂದ ಮೊಗೆದು ಕೊಡ ತುಂಬಬೇಕು. ಅದಕ್ಕೆ ವರತಿ ಅನ್ನುತ್ತಿದ್ದರು.

ತಿಪ್ಪವ್ವ ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಗಂಡ ಕಾಣಲಿಲ್ಲ. ಪಕ್ಕದ ಮನೆಯ ಕರಿಯವ್ವನನ್ನು ನಾಚಿಕೊಂಡೇ ಕೇಳಿದಳು.

“ನಿನ್ನ ಗಂಡ ಭಾವಿಗೆ ಹೋದನವ್ವ, ಆಗಲೇ ಇಳದಿರತಾನ,” ಅಂದಳು ಕರಿಯವ್ವ ರೊಟ್ಟಿ ಬಡಿಯುತ್ತ.

ಹೊಸ ಮದುವಣಗಿತ್ತಿ ಬಾಯಿ ಬಾಯಿ ಬಡಿದುಕೊಂಡು ಅಳಲಿಕ್ಕೆ ಹತ್ತಿದಳು. ನನ್ನ ಮೋರೆ ನೋಡಿ ಬ್ಯಾಸತ್ತು ಭಾವಿ ಹಾರಿದನೇನು ಅಂತ ಹೊರಳಾಡಿದಳು. ಇಡೀ ಸಾಲು ಕೂಡಿತು, ನಕ್ಕು ನಕ್ಕು ಸುಸ್ತಾಯಿತು. ಸಂಜೆ ಹುಚ್ಚೀರಪ್ಪ ಮೈತುಂಬ ಬಿಳಿ ಧೂಳು ಹೊತ್ತು ಬಂದಾಗ, ಸತ್ತವನು ದೆವ್ವವಾಗಿ ಬಂದನೆಂದು ಆಕೆ ಮತ್ತೊಮ್ಮೆ ಚೀರಿದಳಂತೆ. ಮುಂದೆ ಎಷ್ಟೋ ವರ್ಷ ಸಾಲಿನ ಹೆಂಗಸರು ಆಕೆಯನ್ನು ಇದನ್ನೇ ಹೇಳಿ ಕಾಡಿಸಿದರು.

ಕಂಪನಿಯ ಆಟ ಬಹಳ ದಿನ ನಡೆಯಲಿಲ್ಲ. ಕೆಳಗೆ ಇಳಿದಷ್ಟೂ ನೀರು ನುಗ್ಗಿತು. ಎಂಜಿನ್ನು ಹಗಲೂ ರಾತ್ರಿ ಎಳೆದರೂ ನೀರು ತೀರಲಿಲ್ಲ, ಸಿಕ್ಕ ಬಂಗಾರ ಎಂಜಿನ್ನಿನ ಕಟ್ಟಿಗೆಗೂ ಸಾಲಲಿಲ್ಲ. ಬಿಳಿಯರು ಒಂದು ದಿನ ಗಂಟುಮೂಟೆ ಕಟ್ಟಿದರು. ಹೋಗುವಾಗ ಟೊಪ್ಪಿಗೆ ಹಾಕಿದ ಮ್ಯಾನೇಜರ ಹುಚ್ಚೀರಪ್ಪನನ್ನು ಕರೆದು, ದುಭಾಷಿಯ ಬಾಯಿಂದ ಹೇಳಿಸಿದ: “ಭಾವಿ ನೋಡ್ಕೊಂತಿರು. ದೊಡ್ಡ ಪಂಪ ತಗೊಂಡು ಮತ್ತ ಬರ್ತೀವಿ.”

ಅಷ್ಟೇ ಮಾತು. ಆ ಮಾತಿಗೆ ಹುಚ್ಚೀರಪ್ಪ ಅಲ್ಲೇ ಗೂಟ ಹೊಡೆದುಕೊಂಡು ಕೂತ. ತಮಿಳರು ಹೋದರು, ತೆಲುಗರು ಹೋದರು. ಹೋಗಲು ಬೇರೆ ಊರಿಲ್ಲದ ಕೆಲವರಷ್ಟೇ ಉಳಿದರು. ಎಂಜಿನ್ನಿಗೆ ಕಟ್ಟಿಗೆ ಹಾಕುತ್ತಿದ್ದ ಶೇಖಸಾಬ ಅವರಲ್ಲೊಬ್ಬ. ಸಂಬಳ ಯಾವಾಗಲೋ ನಿಂತಿತು, ಕಾವಲು ನಿಲ್ಲಲಿಲ್ಲ. ಹಗಲು ಕಂಡವರ ಹೊಲದಲ್ಲಿ ಶೇಂಗಾ ಕೀಳುವುದು, ಹೊತ್ತು ಮುಳುಗುವುದರೊಳಗೆ ಗಣಿಯ ಬಾಯಿಗೆ ಬಂದು ಒಂದು ಸುತ್ತು ಹಾಕುವುದು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಜಾಲಿಮುಳ್ಳು ಕಡಿದು ತಂದು ಅದರ ಸುತ್ತ ಹೊಸ ಬೇಲಿ ಹಾಕುತ್ತಿದ್ದ. ದನ ಬೀಳಬಾರದು, ಕಲ್ಲು ಬೀಳಬಾರದು. ಕಂಪನಿ ಬಂದಾಗ ಭಾವಿ ಚೊಕ್ಕ ಇರಬೇಕು!

ತಿಪ್ಪವ್ವನಿಗೆ ಬಂಗಾರದ ಮೇಲೆ ಅಂಥ ಭಕ್ತಿ ಇರಲಿಲ್ಲ. ನಾವು ಜಲಗಾರರು. ಮಳೆ ಬಿದ್ದ ಮೇಲೆ ಹಳ್ಳದ ಉಸುಕನ್ನು ಮರದ ಮರಿಗೆಯಲ್ಲಿ ತೊಳೆದು ಕಣ ಹುಡುಕುವುದು, ಉಳಿದ ದಿನ ಅಕ್ಕಸಾಲಿಗರ ಅಂಗಡಿಯ ಕಸ ಗುಡಿಸಿ ತಂದು ತೊಳೆಯುವುದು ನಮ್ಮ ಹಿರಿಯರ ಹೊಟ್ಟೆಪಾಡು. ಬಂಗಾರದ ಜೊತೆ ಹುಟ್ಟಿ ಬೆಳೆದ ನಮ್ಮ ಹೆಂಗಸರ ಮೂಗಿನಲ್ಲಿ ಹಿತ್ತಾಳೆಯ ಮೂಗುತಿ. ಲಕ್ಷ್ಮೇಶ್ವರದ ಅಂಗಡಿಗಳ ಕಸ ತೊಳೆದೇ ತಿಪ್ಪವ್ವ ಮಗ ಸಕ್ರಪ್ಪನನ್ನು ಬೆಳೆಸಿದಳು. ಅವನು ದೊಡ್ಡವನಾಗಿ ಗದಗಿನ ಹತ್ತಿ ಜಿನ್ನಿಗೆ ಕೆಲಸಕ್ಕೆ ಸೇರಿದ. ಅಲ್ಲಿ ಹತ್ತು ಜನ ಗಂಡಸರ ಜೊತೆ ಒಂದು ಖೋಲಿಯಲ್ಲಿ ಇರುತ್ತಿದ್ದ. ಹೆಂಡತಿ ಫಕ್ಕೀರವ್ವ ಅತ್ತೆಯ ಹತ್ತಿರವೇ ಇದ್ದಳು.

ಸ್ವರಾಜ್ಯ ಬಂತು. ಮುಂದಿನ ವರ್ಷ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಶಿರಹಟ್ಟಿಯಲ್ಲಿ ಸಕ್ಕರೆ ಹಂಚಿದರಂತೆ. ಹುಚ್ಚೀರಪ್ಪ ಕಂಡ ಕಂಡವರಿಗೆ ಕೇಳಿದ್ದು ಒಂದೇ: “ಹಂಗಾರ ಈಗ ಭಾವಿ ಯಾರದು?” ಯಾರಿಗೂ ಗೊತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ನಿಜಾಮನ ಹದ್ದಿನಿಂದ ರಜಾಕಾರರ ಹೆದರಿಕೆಗೆ ಜನ ಗಡಿ ದಾಟಿ ಬಂದರು. ಮುಂಡರಗಿಯಲ್ಲಿ ಜಾಗ ಸಾಲದೆ ಕೆಲವು ಮನೆತನಗಳು ಕಂಪನಿ ಸಾಲಿನ ಮುರುಕು ಮನೆಗಳಲ್ಲಿ ಇಳಿದುಕೊಂಡವು. ಹೆಗಲ ಮೇಲೆ ಮಗುವನ್ನೂ ಕೈಯಲ್ಲೊಂದು ಕುರಿಯನ್ನೂ ಹಿಡಿದು ಬಂದ ಗವಿಸಿದ್ದಪ್ಪನಿಗೆ ಮನೆ ತೋರಿಸಿದ್ದು ಶೇಖಸಾಬ. ಗಲಾಟೆ ಮುಗಿದ ಮೇಲೆ ಬಹಳಷ್ಟು ಜನ ತಿರುಗಿ ಹೋದರು. ಸುಟ್ಟ ಮನೆಗೆ ಏನು ಹೋಗುವುದು ಅಂತ ಗವಿಸಿದ್ದಪ್ಪನಂಥವರು ಇಲ್ಲೇ ಉಳಿದರು.

ಜನ ಹೆಚ್ಚಾದರು, ವರತಿ ಹೆಚ್ಚಾಗಲಿಲ್ಲ. ಬೇಸಿಗೆಯಲ್ಲಿ ಒಂದು ಕೊಡಕ್ಕೆ ಅರ್ಧ ದಿನ ಕೂಡಬೇಕು. ಹಾಗೆ ತುಂಬಿದ ಕೊಡ ಹೊತ್ತು ಏರು ಹತ್ತುವಾಗ, ಆರು ತಿಂಗಳ ಬಸುರಿ ಫಕ್ಕೀರವ್ವ ಜಾರಿ ಬಿದ್ದಳು. ಕೊಡ ಒಡೆಯಿತು, ಮಗು ಉಳಿಯಲಿಲ್ಲ. ಆವತ್ತಿನಿಂದ ತಿಪ್ಪವ್ವನಿಗೆ ಒಂದೇ ಹಂಬಲ. ಸಾಲಿನ ಮಗ್ಗುಲಿಗೆ ಒಂದು ನೀರಿನ ಭಾವಿ ಆಗಬೇಕು. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೆ ಹೋದರೂ ಅದನ್ನೇ ಬೇಡಿದಳು, ಶಿರಹಟ್ಟಿಯ ಮಠಕ್ಕೆ ಹೋದರೂ ಅದನ್ನೇ.

“ಗಣಿಭಾವ್ಯಾಗ ಅಷ್ಟ ನೀರ ಐತಲ್ಲ?” ಅಂತ ಗವಿಸಿದ್ದಪ್ಪ ಒಮ್ಮೆ ಕೇಳಿದ್ದುಂಟು.

“ಆ ನೀರ ದನ ಸುದ್ದಾ ಮೂಸೂದಿಲ್ಲಪ್ಪ,” ಅಂದಳು ತಿಪ್ಪವ್ವ. ಕಂಪನಿ ಬಿಟ್ಟುಹೋದ ಆ ನೀರು ಹಸಿರುಗಟ್ಟಿ, ಬಾಯಿಗಿಟ್ಟರೆ ನಾಲಿಗೆ ಸುಡುತ್ತಿತ್ತು.

ಮುಂದೆ ಕರ್ನಾಟಕ ಒಂದಾಯಿತು. ಗದಗಿನಲ್ಲಿ ಮೆರವಣಿಗೆ ನೋಡಿ ಬಂದ ಸಕ್ರಪ್ಪ ಮನೆಯಲ್ಲಿ ಕುಣಿದದ್ದೇ ಕುಣಿದದ್ದು. ಐದು ಕಡೆ ಹರಿದು ಹಂಚಿಹೋಗಿದ್ದ ನಾವು ಒಂದೇ ರಾಜ್ಯವಾದೆವು ಅಂತ ತಾಯಿಗೆ ಬಿಡಿಸಿ ಹೇಳಿದ. ಆಕೆ ಎಲ್ಲ ಕೇಳಿ, “ಒಂದಾದ್ರ ನೀರ ಬರತೈತೇನು?” ಅಂದಳು. ನಗಬೇಡಿ. ಅದಕ್ಕಿಂತ ನೆಟ್ಟಗಿನ ಪ್ರಶ್ನೆಯನ್ನು ಆ ವರ್ಷ ಯಾರೂ ಕೇಳಿರಲಿಕ್ಕಿಲ್ಲ.

ಬರುತ್ತದೆ ಅಂತಲೇ ಸುದ್ದಿಯಾಯಿತು. ಹೊಸ ಸರಕಾರ ನೀರಿಲ್ಲದ ಹಳ್ಳಿಗಳಿಗೆ ಭಾವಿ ತೋಡಿಸಿಕೊಡುತ್ತದೆ, ಸಾಹೇಬರೊಬ್ಬರು ಊರೂರು ತಿರುಗುತ್ತಿದ್ದಾರೆ ಅಂತ ಶೇಖಸಾಬ ಮುಂಡರಗಿ ಸಂತೆಯಿಂದ ಖಬರು ತಂದ. ಫಕ್ಕೀರವ್ವ ಮತ್ತೆ ಬಸುರಿಯಾಗಿದ್ದಳು. ತಿಪ್ಪವ್ವ ಸೊಸೆಯನ್ನು ಹಳ್ಳಕ್ಕೆ ಇಳಿಯಗೊಡದೆ, ಅವಳ ಪಾಲಿನ ಕೊಡವನ್ನೂ ತಾನೇ ಹೊರುತ್ತಿದ್ದಳು. ಅರವತ್ತು ದಾಟಿದ ಸೊಂಟ ಅದು.

ಸಾಹೇಬರ ಜೀಪು ಬಂದದ್ದು ಒಂದು ಮುಂಜಾನೆ. ಗಂಡಸರು ಹೊಲಕ್ಕೆ ಹೋಗಿದ್ದರು. ಹೆಂಗಸರೆಲ್ಲ, ಬೇರೆಲ್ಲಿಗೆ, ವರತಿಗೆ. ಫಕ್ಕೀರವ್ವ ಒಳಗೆ ಮಲಗಿದ್ದಳು. ಇಡೀ ಸಾಲಿಗೆ ಹೊರಗೆ ಇದ್ದವನು ಹುಚ್ಚೀರಪ್ಪ ಒಬ್ಬನೇ, ಗಣಿಯ ಬಾಯಿಯ ಹತ್ತಿರ ಹೊಸ ಬೇಲಿಗೆ ಮುಳ್ಳು ಒಟ್ಟುತ್ತಿದ್ದ. ಜೀಪು ಹಾಳುಬಿದ್ದ ಎಂಜಿನ್ ಮನೆಯ ಕಟ್ಟೆಯ ಪಕ್ಕ ನಿಂತಿತು. ಇಳಿದ ಸಾಹೇಬರ ತಲೆಯ ಮೇಲೆ ಟೊಪ್ಪಿಗೆ ಇತ್ತು.

ಅದನ್ನು ಕಂಡದ್ದೇ ಮುದುಕ ಕೈಯಲ್ಲಿದ್ದ ಮುಳ್ಳು ಬಿಟ್ಟು ಎದ್ದ. ಶೇಖಸಾಬ ಹೇಳಿದ ಸುದ್ದಿ ಎಲ್ಲಿ ನೆನಪಿರುತ್ತದೆ? ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದದ್ದು ಈ ಟೊಪ್ಪಿಗೆಗಾಗಿ.

ಸಾಹೇಬರು ಮೈಸೂರು ಕಡೆಯವರು. “ಏನಜ್ಜ, ಈ ಊರಲ್ಲಿ ಬಾವಿ ಇದೆಯಾ?” ಅಂದರು.

“ಐತ್ರಿ ಸಾಹೇಬ್ರ! ಬರ್ರಿ, ತೋರಸ್ತೀನಿ.”

ಬೇಲಿ ಸರಿಸಿ ಕರೆದುಕೊಂಡು ಹೋದ. ಸಾಹೇಬರು ಕಲ್ಲಿನ ಕಟ್ಟೆ ನೋಡಿದರು, ಬಗ್ಗಿ ಒಂದು ಹರಳು ಒಗೆದರು. ಒಳಗಿನಿಂದ ನೀರಿನ ಸದ್ದು ಬಂತು.

“ಬೇಲಿಗೀಲಿ ಹಾಕಿ ಚೆನ್ನಾಗಿ ಇಟ್ಕೊಂಡಿದ್ದೀರಲ್ಲ! ನೀರು ಯಾವಾಗಲೂ ಇರುತ್ತಾ?”

“ನೀರಿಂದ ಏನ ಕೇಳ್ತೀರಿ! ನಾ ಕಂಡಾಗಿಂದ ಬತ್ತಿಲ್ರಿ.”

“ಬೇಸಿಗೆಲಿ?”

“ಬ್ಯಾಸಿಗ್ಯಾಗೂ ಅಷ್ಟ ರೀ. ನೀರು ಭಾಳ ಆಗೇ ತ್ರಾಸ ಆಗಿದ್ದು. ಒಂದು ದೊಡ್ಡ ಪಂಪ ಹಚ್ಚಿಬಿಟ್ರ ಮುಗೀತು ನೋಡ್ರಿ.”

ಸಾಹೇಬರು ನಕ್ಕರು. ನೀರು ಹೆಚ್ಚಾಗಿ ತೊಂದರೆಪಡುವ ಹಳ್ಳಿಯನ್ನು ಆ ಸೀಮೆಯಲ್ಲಿ ಅವರು ಮೊದಲ ಸಲ ನೋಡಿದ್ದು. “ಹಾಗಾದ್ರೆ ನಿಮಗೇನೂ ಚಿಂತೆ ಇಲ್ಲ ಬಿಡಿ,” ಅಂತ ಬೆನ್ನು ತಟ್ಟಿ ಜೀಪು ಹತ್ತಿದರು. ಹುಚ್ಚೀರಪ್ಪ ಧೂಳು ಮಾಯವಾಗುವ ತನಕ ಕೈಮುಗಿದುಕೊಂಡೇ ನಿಂತಿದ್ದ.

ತಿಪ್ಪವ್ವ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಏರು ಹತ್ತಿ ಬಂದಾಗ ಗಂಡ ಓಡಿ ಬಂದ. ಅವನು ಓಡಿದ್ದನ್ನು ಆಕೆ ನೋಡದೆ ಎಷ್ಟೋ ಕಾಲವಾಗಿತ್ತು.

“ಸಾಹೇಬ್ರು ಬಂದಿದ್ರು! ಭಾವಿ ಕೇಳಿದ್ರು! ಎಲ್ಲಾ ತೋರಿಸಿ ಕಳಿಸೀನಿ!”

“ಭಾವಿ ಕೇಳಿದ್ರ? ಖರೆ?” ಆಕೆ ಕೊಡ ಇಳಿಸಿ ಅಲ್ಲೇ ಕೂತಳು. “ಯಾವಾಗ ಚಾಲೂ ಮಾಡ್ತಾರಂತ?”

“ಇನ್ನೇನು, ಜಲ್ದಿ!”

ಆವತ್ತು ತಿಪ್ಪವ್ವ ಸಾಲಿನ ಮನೆಮನೆಗೂ ಬೆಲ್ಲ ಹಂಚಿದಳು. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ಕೂತು ಭಾವಿಯ ಮಾತೇ ಆಡಿದರು. ಎಂದೂ ಒಬ್ಬರ ಮಾತು ಒಬ್ಬರಿಗೆ ಹಿಡಿಸದಿದ್ದ ಮನೆಯಲ್ಲಿ ಕೆಲವು ದಿನ ಹಬ್ಬ ಆಯಿತು. ಅವನು ನೆನೆಯುತ್ತಿದ್ದದ್ದು ಒಂದು ಭಾವಿ, ಆಕೆ ನೆನೆಯುತ್ತಿದ್ದದ್ದು ಇನ್ನೊಂದು. 

ಹಳ್ಳದ ಆಚೆಯ ಊರಿನಲ್ಲಿ ಭಾವಿಗೆ ಅಂತ ಕಲ್ಲು ಸಿಮೆಂಟು ಬಂದು ಬಿದ್ದಾಗ ಶೇಖಸಾಬನಿಗೆ ಸಂಶಯ ಬಂತು. ಶಿರಹಟ್ಟಿಗೆ ಹೋಗಿ ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದ. ಬಂದವನು ನೇರವಾಗಿ ಹುಚ್ಚೀರಪ್ಪನ ಮುಂದೆ ನಿಂತ.

“ಲೇ ಹುಚ್ಚೀರಾ, ಏನ ಮಾಡಿದ್ಯೋ? ನೀರಿನ ಭಾವಿ ಕೊಡಾಕ ಬಂದವ್ರಿಗೆ ಗಣಿಭಾವಿ ತೋರಿಸಿ ಕಳಿಸೀಯಲ್ಲೋ! ನಿಮ್ಮೂರಾಗ ಬತ್ತದ ಭಾವಿ ಐತಿ, ಅಜ್ಜನ ತೋರಸ್ಯಾನ ಅಂತಾರ ಅವ್ರು.”

 ತಿಪ್ಪವ್ವ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೈಯುತ್ತಾಳೆ, ಎದೆ ಎದೆ ಬಡಿದುಕೊಳ್ಳುತ್ತಾಳೆ ಅಂತ ಶೇಖಸಾಬ ಹೆದರಿದ್ದ. ಆಕೆ ಮೊರ ಕೆಳಗಿಟ್ಟು ಮೆಲ್ಲಗೆ ಅಂದಳು:

“ನಾ ಮದಿವ್ಯಾಗಿ ಬಂದ ಮರುದಿನ ನೀವು ಭಾವಿಗಿ ಹೋದಿರಂತ ಅತ್ತಿದ್ದೆ. ಎಲ್ಲಾರೂ ನಕ್ಕಿದ್ರಿ. ಆ ಅಳು ಖರೇನ ಇತ್ತು ನೋಡ್ರಿ. ನೀವು ಆವತ್ತ ಬಿದ್ದವರು ಇನ್ನಾ ಮ್ಯಾಲ ಬಂದಿಲ್ಲ.”

ಆಮೇಲೆ ಎದ್ದು ಕೊಡ ತೆಗೆದುಕೊಂಡು ವರತಿಗೆ ಹೋದಳು. ನೀರಿನ ಹೊತ್ತಾಗಿತ್ತು.

ಮರುದಿನ ಹುಚ್ಚೀರಪ್ಪ ತಾನೇ ಶಿರಹಟ್ಟಿಗೆ ನಡೆದು ಹೋದ. ಟೊಪ್ಪಿಗೆಯ ಸಾಹೇಬರಿಗೆ ಬೇರೆ ಕಡೆ ಬದಲಿಯಾಗಿತ್ತು. ಅಲ್ಲಿದ್ದ ಕಾರಕೂನ, “ಅಜ್ಜಾ, ಭಾವಿ ಐತಿ ಅಂತ ನೀನ ಹೇಳಿ, ಈಗ ಇಲ್ಲ ಅಂದ್ರ ಹೆಂಗ? ಭಾವಿ ಎಲ್ಲಿ ಓಡಿ ಹೋತು?” ಅಂತ ನಕ್ಕ. ಅವನದೂ ತಪ್ಪಿಲ್ಲ. ಯಾರಾದರೂ ನಗುವಂಥದ್ದೇ. ಹಿಂದಿರುಗುವ ದಾರಿ ಹುಚ್ಚೀರಪ್ಪನಿಗೆ ಯಾವತ್ತಿಗಿಂತ ಉದ್ದವಾಯಿತು. ದಾರಿಯಲ್ಲಿ ಅಲ್ಲಲ್ಲಿ ಕೂತ, ಕೂತಲ್ಲೆಲ್ಲ ಇನ್ನು ಏಳುವುದು ಬೇಡ ಅನ್ನಿಸಿತಂತೆ.

ಆದರೂ ಎದ್ದು ಬಂದ. ಬಂದವನು ಯಾರನ್ನೂ ಮಾತಾಡಿಸದೆ ಅಟ್ಟದ ಮೇಲಿನಿಂದ ಕಂಪನಿ ಕಾಲದ ಸುತ್ತಿಗೆ, ಉಳಿ, ಹಾರಿ ಇಳಿಸಿದ.

“ಎಲ್ಲಿ ಅಗೀಲಿ?” ಅಂತ ಹೆಂಡತಿಯನ್ನು ಕೇಳಿದ.

 ಆಕೆ ಸಾಲಿನ ಹಿಂದಿನ ಅತ್ತಿ ಗಿಡದ ಹತ್ತಿರ ಹೋಗಿ, ಕಾಲಿನಿಂದ ನೆಲ ಗುದ್ದಿ ತೋರಿಸಿದಳು. ಬಿರುಬೇಸಿಗೆಯಲ್ಲೂ ಹಸಿರಾಗಿ ನಿಲ್ಲುತ್ತಿದ್ದ ಗಿಡ ಅದೊಂದೇ.

ಅರವತ್ತೈದು ದಾಟಿದ ಮುದುಕ ಅಗೆಯಲು ಇಳಿದ. ಮೊದಲು ಶೇಖಸಾಬ ಬಂದ, ಹೊಲದ ಕೆಲಸ ಮುಗಿಸಿ ಗವಿಸಿದ್ದಪ್ಪ ಬಂದ. ಕೆಂಪು ಮಣ್ಣು ಹೋಯಿತು, ಗರಸು ಹೋಯಿತು, ಕಲ್ಲು ಹತ್ತಿತು. ಕಲ್ಲಿನ ಕೆಲಸಕ್ಕೆ ಹುಚ್ಚೀರಪ್ಪನೇ ಆಗಬೇಕು. ಉಳಿಯ ಮೇಲೆ ಸುತ್ತಿಗೆ ಬಿದ್ದಂತೆಲ್ಲ ಬಿಳಿ ಧೂಳು ಎದ್ದು ಗಣಿಯ ಕಾಲದ ಅವನ ಹಳೆಯ ಕೆಮ್ಮನ್ನು ಎಬ್ಬಿಸಿತು. ನಾಲ್ಕು ಪೆಟ್ಟು, ಒಂದು ಕೆಮ್ಮು. ತಿಪ್ಪವ್ವ ದಂಡೆಯ ಮೇಲೆ ಕೂತು ಬುಟ್ಟಿ ಎಳೆಯುತ್ತ, “ಸಾಕ ಮ್ಯಾಲ ಬರ್ರಿ,” ಅನ್ನುತ್ತಿದ್ದಳು. ಅವನು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೆಳಗೆ ಸುತ್ತಿಗೆಯ ಸದ್ದು ನಿಂತಿತು. ಕೆಮ್ಮೂ ಇಲ್ಲ. ತಿಪ್ಪವ್ವ ಗಾಬರಿಯಾಗಿ ಬಗ್ಗಿದಳು. ಹುಚ್ಚೀರಪ್ಪ ತಳದಲ್ಲಿ ಗೋಡೆಗೆ ಒರಗಿ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಹಗ್ಗ ಹಿಡಿದು ಮೇಲೆ ಬಂದು, ಧೋತರದ ಚುಂಗಿನಲ್ಲಿ ಕಟ್ಟಿದ್ದ ಬಿಳಿಕಲ್ಲಿನ ಚೂರನ್ನು ಆಕೆಯ ಕೈಗೆ ಹಾಕಿದ. ಜಲಗಾರರ ಮಗಳು ಅದಕ್ಕೆ ಉಗುಳು ಹಚ್ಚಿ, ಬಿಸಿಲಿಗೆ ಹಿಡಿದು ಹೊರಳಿಸಿ ನೋಡಿದಳು. ಕಲ್ಲಿನೊಳಗೆ ಹಳದಿ ಎಳೆ ಓಡಿತ್ತು.

“ಬಂಗಾರ ಖರೆ,” ಅಂದಳು. “ಭಾಳ ಐತೇನು?”

“ಗ್ವಾಡಿ ತುಂಬ ಐತಿ. ಕಂಪನಿ ಹಿಂಗ ಎಂದೂ ಕಂಡಿಲ್ಲ.” ಅವನು ಶಿರಹಟ್ಟಿ ದಾರಿಯ ಕಡೆ ಕೈ ಮಾಡಿದ. “ಶಿರಹಟ್ಟಿಗಿ ಹೋಗಿ ಹೇಳಿದ್ರ ನಾಳೇನ ಬರ್ತಾರ.”

“ಬರ್ತಾರ. ಬಂದು ಇದಕ್ಕೂ ಎಂಜಿನ್ ಹಚ್ಚತಾರ. ನಮ್ಮನ್ನ ಇಲ್ಲಿಂದ ಎಬ್ಬಸ್ತಾರ. ಇದೂ ನಿಮ್ಮ ಭಾವಿ ಆಕೈತಿ.” ಆಕೆ ಚೂರನ್ನು ಅವನ ಅಂಗೈಗೆ ತಿರುಗಿ ಇಟ್ಟಳು. “ನಾ ಕೇಳಿದ್ದು ನನ್ನ ಭಾವಿ.”

ಹುಚ್ಚೀರಪ್ಪ ಕಲ್ಲನ್ನು ನೋಡಿದ. ಹಳೆಯ ಗಣಿಯ ಬಾಯಿಯ ಕಡೆ ನೋಡಿದ, ಅಲ್ಲಿ ಈ ವರ್ಷ ಅರ್ಧಕ್ಕೆ ಬಿಟ್ಟ ಬೇಲಿ. ಮನೆಯ ಬಾಗಿಲಲ್ಲಿ ಫಕ್ಕೀರವ್ವ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವನು ಅತ್ತುಬಿಟ್ಟ. ಗಂಡಸು ಅತ್ತದ್ದನ್ನು ಹೇಳಬಾರದು ಅಂತ ನಮ್ಮ ಕಡೆ ಒಂದು ಹಟ ಇದೆ, ಆದರೆ ಅತ್ತ ಅಂತ ತಿಪ್ಪವ್ವನೇ ನನಗೆ ಹೇಳಿದ್ದು. ಅತ್ತು, ಮೂಗು ಒರೆಸಿಕೊಂಡು, ಮತ್ತೆ ಹಗ್ಗ ಹಿಡಿದು ಇಳಿದ.

ನೀರು ಅದರ ಕೆಳಗಿತ್ತು. ಸಿಹಿ ನೀರು. ಸಾಲಿನ ಮಕ್ಕಳೆಲ್ಲ ಕೂಡಿ ಕೂಗಿದ ಕೂಗು ಹಳ್ಳದ ಆಚೆಯವರಿಗೂ ಕೇಳಿತಂತೆ. ಫಕ್ಕೀರವ್ವನ ಬಾಣಂತನದ ನೀರು ಆ ಭಾವಿಯದೇ. ಹೆಣ್ಣು ಕೂಸಿಗೆ ಮೊದಲ ಎರೆತಕ್ಕೆ ಬಿಸಿನೀರು ಕಾಯಿಸಿದ್ದು ಹುಚ್ಚೀರಪ್ಪ. ಒಡೆದು ತೆಗೆದ ಬಿಳಿಕಲ್ಲುಗಳನ್ನು ದಂಡೆಗೆ ಕಟ್ಟಿದರು, ಅರಿವೆ ಒಗೆಯಲು ಒಂದನ್ನು ಪಕ್ಕಕ್ಕೆ ಹಾಸಿದರು. ಕಂಡವರಿಗೆ ಬಿಳಿಕಲ್ಲು, ಅಷ್ಟೇ. ಶೇಖಸಾಬನಿಗೂ ಗವಿಸಿದ್ದಪ್ಪನಿಗೂ ಗೊತ್ತಿತ್ತು. ಅವರೂ ನೀರು ಹೊತ್ತ ಹೆಂಗಸರ ಮನೆಯವರು. ತುಟಿ ಬಿಚ್ಚಲಿಲ್ಲ.

ಆಮೇಲೆ ಹುಚ್ಚೀರಪ್ಪನ ಕೈಯಲ್ಲಿ ಬೇರೆ ಕೆಲಸ ಆಗಲಿಲ್ಲ. ಎದೆ ಬಿರಿಯುವಂಥ ಕೆಮ್ಮು. ದಿನವೆಲ್ಲ ಹೊಸ ಭಾವಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದ. ಕಾವಲುಗಾರನಿಗೆ ಜಾಗ ಬದಲಾಯಿತು ಅಂತ ಸಾಲಿನವರು ಚೇಷ್ಟೆ ಮಾಡಿದರೆ ಅವನೂ ನಗುತ್ತಿದ್ದ.

ಅವನು ಸಾಯುವ ಹಿಂದಿನ ಬೇಸಿಗೆಯಲ್ಲಿ ಮತ್ತೊಂದು ಜೀಪು ಬಂತು. ಸುತ್ತಿಗೆ, ಚೀಲ ಹಿಡಿದ ಸರಕಾರಿ ಜನ. ಗುಡ್ಡ ಸುತ್ತಿ ಬೆವತು ಬಂದಿದ್ದರು. ಹೀಗೊಂದು ಜೀಪಿಗಾಗಿ ಆ ಮುದುಕ ತನ್ನ ಹರೆಯವನ್ನೆಲ್ಲ ಕಾದು ಕಳೆದಿದ್ದ. ಅವರಲ್ಲೊಬ್ಬ ದಂಡೆಯ ಬಿಳಿಕಲ್ಲಿನ ಮೇಲೆ ಕಾಲಿಟ್ಟು ನಿಂತು ಕೇಳಿದ:

“ಅಜ್ಜಾ, ಇಲ್ಲಿ ಬಂಗಾರ ಇತ್ತಂತಲ್ಲ, ಎಲ್ಲಾದರೂ ಕಂಡಿದ್ದೀಯಾ?”

ಹಗ್ಗ ಹಿಡಿದು ನಿಂತಿದ್ದ ತಿಪ್ಪವ್ವನ ಕೈ ಅಲ್ಲೇ ನಿಂತಿತು. ಹುಚ್ಚೀರಪ್ಪ ತಲೆ ಎತ್ತಿ ಟೊಪ್ಪಿಗೆಗಳನ್ನು ಒಂದೊಂದಾಗಿ ನೋಡಿದ. ಕೆಮ್ಮಿ, ಉಸಿರು ತೆಗೆದುಕೊಂಡು ಅಂದ:

“ಭಾವಿ ಐತ್ರಿ. ನೀರ ಕುಡದು ಹೋಗ್ರಿ.”